ಹಾಡು ಚಾವಡಿಗೆ, ಹಾಡಿದವರು ಅಂಗಳಕ್ಕೆ

ಪೋಸ್ಟ್ ಸ್ವಲ್ಪ ಉದ್ದ ಉಂಟು. ಪುರುಸೊತ್ತು ಮಾಡಿಕೊಂಡು ಓದಿ.

"ಸಂಗೀತಕ್ಕೂ ಜಾತಿ ತರ್ತೀರಾ ಮಾರಾಯ್ರೆ?" ಅಂತ ನಮ್ಮ ಗ್ರೂಪಿನಲ್ಲೇ ಒಬ್ಬರು ಕೇಳಿದ್ರು. ಸಿನಿಮಾ ಹಾಡಿನ ಬಗ್ಗೆ ಮಾತು ಬಂದಿತ್ತು. ಸಂಗೀತಕ್ಕೆ ಜಾತಿ ಇಲ್ಲದೆ ಇರಬಹುದು, ಒಪ್ಪುವ. ಆದರೆ ಹಾಡು ಕ್ಯಾಸೆಟ್ ಆಗುವಾಗ, ಕ್ಯಾಸೆಟ್ ಹಣ ಆಗುವಾಗ, ಕವರಿನ ಮೇಲೆ ಹೆಸರು ಅಚ್ಚಾಗುವಾಗ ಜಾತಿ ಎಲ್ಲಿಂದಲೋ ಬಂದು ಕೂತುಬಿಡುತ್ತೆ. ನಾನು ವೃತ್ತಿಯಲ್ಲಿ ಗುಮಾಸ್ತ. ದಿನಾ ಫೈಲಿನೊಟ್ಟಿಗೆ ಬದುಕು. ಒಂದು ವಿಷಯ ನನಗೆ ಚೆನ್ನಾಗಿ ಗೊತ್ತು: ಕಡತದಲ್ಲಿ ಹೆಸರಿಲ್ಲದವನು ಎದುರು ನಿಂತಿದ್ದರೂ ಇಲ್ಲದವನೇ. ಸಿನಿಮಾ ಹಾಡಿನ ಇತಿಹಾಸವನ್ನು ಅದೇ ಗುಮಾಸ್ತನ ಕಣ್ಣಲ್ಲಿ ನೋಡಿದರೆ ಏನು ಕಾಣುತ್ತೆ ಅಂತ ಬರೀತಾ ಇದ್ದೇನೆ.

*ಚೋಮನ ದುಡಿ ಮತ್ತು ಫಾರಂ ನಂಬರ್ 7*

ನಮ್ಮ ಕರಾವಳಿಯಿಂದಲೇ ಶುರು ಮಾಡುವ. ಶಿವರಾಮ ಕಾರಂತರು "ಚೋಮನ ದುಡಿ" ಕಾದಂಬರಿ ಬರೆದದ್ದು 1933ರಲ್ಲಿ. ಬಿ.ವಿ. ಕಾರಂತರು ಅದನ್ನು ಸಿನಿಮಾ ಮಾಡಿದ್ದು 1975ರಲ್ಲಿ. ಆ ವರ್ಷದ ಅತ್ಯುತ್ತಮ ಚಿತ್ರ ಅಂತ ಸ್ವರ್ಣಕಮಲ ಬಂತು, ಚೋಮನ ಪಾತ್ರ ಮಾಡಿದ ಎಂ.ವಿ. ವಾಸುದೇವರಾಯರಿಗೆ ರಾಷ್ಟ್ರಮಟ್ಟದ ಅತ್ಯುತ್ತಮ ನಟ ಪ್ರಶಸ್ತಿ ಬಂತು.

ಆ ಕಾಲದ ಬೇರೆ ಸಿನಿಮಾ ಹಾಗೆ ಐದಾರು ಹಾಡಿನಿಂದ ನೆನಪಾಗುವ ಚಿತ್ರ ಅಲ್ಲ ಅದು. ಅದರ ನಿಜವಾದ ಹಾಡು ದುಡಿಯ ಪೆಟ್ಟು. ಸಿಟ್ಟು ಬಂದರೂ ದುಡಿ, ದುಃಖ ಬಂದರೂ ದುಡಿ, ಕೊನೆಗೆ ಪ್ರಾಣ ಹೋಗುವಾಗಲೂ ದುಡಿ. ಚೋಮನ ಹತ್ತಿರ ಎತ್ತು ಇದೆ, ಮೈಯಲ್ಲಿ ಕಸುವಿದೆ, ಬೇಸಾಯ ಮಾಡುವ ಆಸೆ ಇದೆ. ಆದರೆ ಹೊಲೆಯ ಬೇಸಾಯ ಮಾಡಬಾರದು ಅನ್ನುವ ಕಟ್ಟಳೆ ಇದೆ. ಮಗ ನೀರಲ್ಲಿ ಮುಳುಗುವಾಗ ಮುಟ್ಟಿ ಎತ್ತುವವರಿಲ್ಲ. ದಡದ ಮೇಲೆ ಜನ ಇದ್ದರು ಅನ್ನುವುದನ್ನು ಮರೆಯಬೇಡಿ.

ಈಗ ಇಸವಿ ನೋಡಿ. ದೇವರಾಜ ಅರಸರ ಭೂಸುಧಾರಣೆ ತಿದ್ದುಪಡಿ ಜಾರಿಗೆ ಬಂದದ್ದು 1974ರ ಮಾರ್ಚ್ 1ಕ್ಕೆ. ಸಿನಿಮಾ ಬಂದದ್ದು ಮರುವರ್ಷ. ಊರಿಡೀ ಗೇಣಿದಾರರು ಫಾರಂ ನಂಬರ್ 7 ತುಂಬಿ ಭೂನ್ಯಾಯ ಮಂಡಳಿಗೆ ಕೊಡುತ್ತಿದ್ದ ಕಾಲ. ನಮ್ಮ ಜಿಲ್ಲೆಗಳಲ್ಲಿ ಸಾವಿರಾರು ಕುಟುಂಬಕ್ಕೆ ಭೂಮಿ ಸಿಕ್ಕಿತು, ಅದು ದೊಡ್ಡ ಸಂಗತಿ, ಅಲ್ಲ ಅನ್ನುವುದಿಲ್ಲ. ಆದರೆ ಆ ಫಾರಂ ತುಂಬಬೇಕಾದರೆ ನೀವು ಗೇಣಿದಾರ ಆಗಿರಬೇಕು. ಚೋಮ ಗೇಣಿದಾರ ಅಲ್ಲ, ಮೂಲದಾಳು. ಅವನು ಉತ್ತದ್ದು, ನೆಟ್ಟದ್ದು, ಕೊಯ್ದದ್ದು ಯಾವ ಕಾಗದದಲ್ಲೂ ಇಲ್ಲ. ಕಾಗದದಲ್ಲಿ ಇಲ್ಲದ್ದಕ್ಕೆ ಮಂಡಳಿಯಲ್ಲೂ ಇಲ್ಲ. ಪರದೆ ಮೇಲೆ ಚೋಮನಿಗೆ ಕಣ್ಣೀರು ಹಾಕಿದ ಎಷ್ಟೋ ಮಂದಿ ಮನೆಗೆ ಬಂದು ತಮ್ಮ ಹಿತ್ತಿಲ ಚೋಮನಿಗೆ ಕೂಲಿ ಅಳೆದು ಕೊಟ್ಟರು, ಅಷ್ಟೇ.

ಈ ಫಾರಂ ನಂಬರ್ 7 ನೆನಪಿಟ್ಟುಕೊಳ್ಳಿ. ಹಾಡಿನ ಕಥೆಯಲ್ಲೂ ಇಂಥದೇ ಒಂದು ಕಾಗದ ಬರುತ್ತೆ.

*ಸಿದ್ಧಲಿಂಗಯ್ಯನವರ ಇನ್ನೊಂದು ಹಾಡಿನ ಪುಸ್ತಕ*

ಅದೇ 1975ರಲ್ಲಿ ಸಿದ್ಧಲಿಂಗಯ್ಯನವರ "ಹೊಲೆಮಾದಿಗರ ಹಾಡು" ಬಂತು. ದಲಿತ ಸಂಘರ್ಷ ಸಮಿತಿ ಕಟ್ಟುತ್ತಿದ್ದ ಕಾಲ, ಬಿ. ಕೃಷ್ಣಪ್ಪ, ದೇವನೂರ ಮಹಾದೇವ ಅವರೆಲ್ಲ ಓಡಾಡುತ್ತಿದ್ದ ಕಾಲ. ಮಾಗಡಿ ತಾಲೂಕು ಮಂಚನಬೆಲೆಯಲ್ಲಿ ಹುಟ್ಟಿದ ಆ ಹುಡುಗ ಬರೆದ ಹಾಡುಗಳು ಪುಸ್ತಕ ಓದಲು ಬಾರದವರ ಬಾಯಲ್ಲೂ ಕೂತವು. ಮೈಕ್ ಇಲ್ಲದ ಸಭೆಯಲ್ಲಿ, ತಮಟೆ ಒಂದಿದ್ದರೆ ಸಾಕು, ಹಾಡು ನಡೀತಿತ್ತು. ಇದು ನಮಗೆಲ್ಲ ಗೊತ್ತಿರುವ ಕವಿ.

ಆದರೆ ಅದೇ ಕವಿ ಸಿನಿಮಾಕ್ಕೂ ಬರೆದವರು. 1983ರಲ್ಲಿ ಪುಟ್ಟಣ್ಣ ಕಣಗಾಲರ "ಧರಣಿ ಮಂಡಲ ಮಧ್ಯದೊಳಗೆ" ಚಿತ್ರದ "ಗೆಳತಿ ಓ ಗೆಳತಿ" ಅವರದು. 1993ರ ನಾಗತಿಹಳ್ಳಿ ಚಂದ್ರಶೇಖರರ "ಬಾ ನಲ್ಲೆ ಮಧುಚಂದ್ರಕೆ" ಚಿತ್ರದ "ಆ ಬೆಟ್ಟದಲ್ಲಿ ಬೆಳದಿಂಗಳಲ್ಲಿ" ಕೂಡ ಅವರದೇ, ಸಂಗೀತ ಹಂಸಲೇಖ. ಇವತ್ತಿಗೂ ಯಾವ ಮದುವೆ ಆರ್ಕೆಸ್ಟ್ರಾಕ್ಕೆ ಹೋದರೂ ಈ ಹಾಡು ಒಂದು ಸಲ ಬಂದೇ ಬರುತ್ತೆ. ಕಣ್ಣು ಮುಚ್ಚಿ ತಲೆ ಆಡಿಸುವವರಲ್ಲಿ ಎಷ್ಟು ಜನಕ್ಕೆ ಇದು ಬರೆದದ್ದು "ಹೊಲೆಮಾದಿಗರ ಹಾಡು" ಬರೆದ ಕೈ ಅಂತ ಗೊತ್ತು?

ನಮ್ಮವರಲ್ಲೂ ಒಂದು ಬಿಗುಮಾನ ಇದೆ. ಹೋರಾಟದ ಕವಿ ಪ್ರೇಮಗೀತೆ ಬರೆದದ್ದು ಏನೋ ಸಣ್ಣ ಕೆಲಸ ಎಂಬ ಹಾಗೆ ಅದನ್ನು ಬದಿಗೆ ಸರಿಸುತ್ತೇವೆ. ನಾನು ಅದನ್ನು ಒಪ್ಪುವುದಿಲ್ಲ. ದಲಿತ ಅಂದರೆ ನೋವು ಮಾತ್ರ ಬರೀಬೇಕು, ಸಿಟ್ಟು ಮಾತ್ರ ಬರೀಬೇಕು ಅಂತ ವಿಧಿಸುವುದೂ ಒಂದು ಕಟ್ಟಳೆಯೇ. ಚೋಮನಿಗೆ ಬೇಸಾಯ ಬೇಡ ಅಂದ ಹಾಗೆ ನಮ್ಮ ಕವಿಗೆ ಬೆಳದಿಂಗಳು ಬೇಡ ಅಂದರೆ ಹೇಗೆ? ಕೇರಿಯ ಮೇಲೂ ಬೆಳದಿಂಗಳು ಬೀಳುತ್ತೆ. 2021ರ ಜೂನ್‌ನಲ್ಲಿ ಕೋವಿಡ್ ಅವರನ್ನು ತೆಗೆದುಕೊಂಡು ಹೋಯಿತು. ಶ್ರದ್ಧಾಂಜಲಿ ಸಭೆಗಳಲ್ಲಿ ಹೋರಾಟದ ಹಾಡು ಹಾಡಿದೆವು, ಸರಿ. ಅದರೊಟ್ಟಿಗೆ ಇದನ್ನೂ ಹಾಡಬೇಕು.

*ಜಿ.ಕೆ. ವೆಂಕಟೇಶರ ಸಹಾಯಕ*

ಕನ್ನಡ ಸಿನಿಮಾ ಹಾಡಿನ ಚಿನ್ನದ ಕಾಲ ಅಂದ ಕೂಡಲೇ ಜಿ.ಕೆ. ವೆಂಕಟೇಶರ ಹೆಸರು ಬರುತ್ತೆ. ಅವರ ಹತ್ತಿರ ಗಿಟಾರ್ ನುಡಿಸುತ್ತಾ, ವಾದ್ಯಸಂಯೋಜನೆಗೆ ಸಹಾಯ ಮಾಡುತ್ತಾ ವರ್ಷಗಟ್ಟಲೆ ದುಡಿದ ಒಬ್ಬ ಹುಡುಗ ಇದ್ದ. ತಮಿಳುನಾಡಿನ ಪಣ್ಣೈಪುರಂ ಊರಿನ ದಲಿತ ಕುಟುಂಬದವನು. ಅಣ್ಣ ಪಾವಲರ್ ವರದರಾಜನ್ ಕಮ್ಯುನಿಸ್ಟ್ ಪಕ್ಷದ ಸಭೆಗಳಲ್ಲಿ ಹಾಡುತ್ತಿದ್ದರು, ತಮ್ಮ ಅವರ ಹಿಂದೆ ಹಾರ್ಮೋನಿಯಂ ಹೊತ್ತುಕೊಂಡು ಊರೂರು ತಿರುಗಿದವನು. ಅವನೇ ಇಳಯರಾಜ.

1976ರಲ್ಲಿ "ಅನ್ನಕ್ಕಿಳಿ" ತಮಿಳಲ್ಲಿ ಬಂದ ಮೇಲೆ ಜಗತ್ತಿಗೆ ಗೊತ್ತಾದರು. ಕನ್ನಡಕ್ಕೆ ತಮ್ಮದೇ ಹೆಸರಲ್ಲಿ ವಾಪಸ್ ಬಂದು 1981ರಲ್ಲಿ ಶಂಕರನಾಗ್ ನಿರ್ದೇಶನದ "ಗೀತಾ"ಕ್ಕೆ ಸಂಗೀತ ಕೊಟ್ಟರು, 1983ರಲ್ಲಿ "ಪಲ್ಲವಿ ಅನುಪಲ್ಲವಿ"ಗೆ ಕೊಟ್ಟರು. ಉಡುಪಿ-ಕಾರ್ಕಳ ಖಾಸಗಿ ಬಸ್ಸುಗಳಲ್ಲಿ ಆ ಹಾಡುಗಳು ಸವೆಯುವಷ್ಟು ತಿರುಗಿವೆ.

ಇಳಯರಾಜ ತಮ್ಮನ್ನು "ದಲಿತ ಸಂಗೀತಗಾರ" ಅಂತ ಕರೆಯುವುದನ್ನು ಇಷ್ಟಪಡುವವರಲ್ಲ. ಅದು ಅವರ ಹಕ್ಕು. ಅವರು ಆಡಿದ ಕೆಲವು ರಾಜಕೀಯ ಮಾತು ನಮಗೆ ಹಿಡಿಸಿಲ್ಲ, ಮುಖ್ಯವಾಗಿ 2022ರಲ್ಲಿ ಬಾಬಾಸಾಹೇಬರನ್ನು ಪ್ರಧಾನಿಗೆ ಹೋಲಿಸಿ ಬರೆದದ್ದು. ಅದು ನಮ್ಮ ಹಕ್ಕು. ಆದರೆ ಇತಿಹಾಸ ಬರೆಯುವಾಗ ಎರಡನ್ನೂ ಬದಿಗಿಟ್ಟು ಒಂದು ಲೆಕ್ಕ ಹೇಳಲೇಬೇಕು: ಕನ್ನಡದ ಎಷ್ಟೋ ಹಳೆ ಹಾಡುಗಳ ಒಳಗೆ ಆ ಹುಡುಗನ ಬೆವರಿದೆ, ಕವರಿನ ಮೇಲೆ ಹೆಸರಿಲ್ಲದೆ. ಅದು ಸಹಾಯಕರೆಲ್ಲರ ಹಣೆಬರಹ, ಅವರೊಬ್ಬರದೇ ಅಲ್ಲ. ಅವರು ಆ ಕತ್ತಲೆಯಿಂದ ಹೊರಗೆ ಬಂದರು. ಬಾರದವರು ಎಷ್ಟು ಜನ?

*ಕ್ಯಾಸೆಟ್ ಬಂತು, "ಜಾನಪದ" ಬಂತು*

ಗ್ರಾಮಫೋನ್ ಇದ್ದ ಕಾಲದಲ್ಲಿ ಹಾಡು ದುಡ್ಡಿದ್ದವರ ಚಾವಡಿಯಲ್ಲಿತ್ತು. ನಮ್ಮವರು ಅಂಗಳದಲ್ಲಿ ನಿಂತು ಕೇಳಬೇಕು. ಮೊದಲ ಬದಲಾವಣೆ ರೇಡಿಯೋ. ನಿಜವಾದ ಬದಲಾವಣೆ ಎಂಬತ್ತರ ದಶಕದ ಕ್ಯಾಸೆಟ್. ಟೇಪ್ ರೆಕಾರ್ಡರ್ ಅಗ್ಗ ಆಯಿತು, ಟಿ-ಸೀರೀಸ್ ಬಂದು ಕ್ಯಾಸೆಟ್ ಬೆಲೆಯನ್ನೇ ಕೆಳಗೆ ತಂದಿತು, ನಮ್ಮಲ್ಲಿ ಲಹರಿ ಬೆಳೆಯಿತು. 1987ರ "ಪ್ರೇಮಲೋಕ" ಬಂದಾಗ ಹಾಡೇ ಸಿನಿಮಾವನ್ನು ಎಳೆದುಕೊಂಡು ಹೋಗಬಹುದು ಅಂತ ಕನ್ನಡ ಉದ್ಯಮಕ್ಕೆ ಗೊತ್ತಾಯಿತು. ಕೇರಿಯ ಮನೆಯಲ್ಲೂ ಟೇಪ್ ಬಂತು. ಕೇಳುವುದಕ್ಕೆ ಯಾರ ಅಂಗಳದಲ್ಲೂ ನಿಲ್ಲಬೇಕಾಗಿಲ್ಲ ಅನ್ನುವುದು ಸಣ್ಣ ಸ್ವಾತಂತ್ರ್ಯ ಅಲ್ಲ. ಮಹಾರಾಷ್ಟ್ರದಲ್ಲಿ ಭೀಮಗೀತೆಗಳು ಮನೆಮನೆಗೆ ಹೋದದ್ದೂ ಇದೇ ಅಗ್ಗದ ಕ್ಯಾಸೆಟ್ ಮೇಲೆ, ಎಷ್ಟೋ ಸಲ ಸಿನಿಮಾ ಧಾಟಿಯಲ್ಲೇ. ಅವರು ನಮ್ಮ ಲಯ ತೆಗೆದುಕೊಂಡರೆ ನಾವು ಅವರ ಧಾಟಿ ತೆಗೆದುಕೊಂಡೆವು.

ಆದರೆ ವ್ಯಾಪಾರ ದೊಡ್ಡದಾದ ಹಾಗೆ ಹೊಸ ಧಾಟಿ ಬೇಕಾಯಿತು. ಉದ್ಯಮದ ಕಣ್ಣು ಊರಿನ ಕಡೆ ತಿರುಗಿತು. 1996ರ "ಜನುಮದ ಜೋಡಿ" ಗೊತ್ತಲ್ಲ, ವಿ. ಮನೋಹರ್ ಸಂಗೀತ, ಎಲ್.ಎನ್. ಶಾಸ್ತ್ರಿಯವರು ಹಾಡಿದ "ಕೋಲುಮಂಡೆ ಜಂಗಮದೇವ" ಮನೆಮಾತಾಯಿತು. 2021ರ "ಗರುಡ ಗಮನ ವೃಷಭ ವಾಹನ"ದಲ್ಲಿ "ಸೋಜುಗಾದ ಸೂಜುಮಲ್ಲಿಗೆ" ಬಂತು, ಅದೂ ಮಂಗಳೂರಿನ ಕಥೆಯೊಳಗೆ. ಎರಡೂ ಮಾದಪ್ಪನ ಸೀಮೆಯ ಹಾಡು. ಕಂಸಾಳೆಯವರು, ದೇವರಗುಡ್ಡರು ತಲೆಮಾರುಗಳಿಂದ ಹಾಡಿಕೊಂಡು ಬಂದದ್ದು. ಅದರ ಪಕ್ಕದಲ್ಲೇ ಮಂಟೇಸ್ವಾಮಿ ಕಾವ್ಯ ಹಾಡುವ ನೀಲಗಾರರು ಇದ್ದಾರೆ, ಅವರಲ್ಲಿ ನಮ್ಮವರೇ ಹೆಚ್ಚು.

ಹಾಡಿದ ಗಾಯಕರ, ಸಂಗೀತ ಮಾಡಿದವರ ಪ್ರತಿಭೆಯನ್ನು ನಾನು ಕಡಿಮೆ ಮಾಡುತ್ತಿಲ್ಲ. ಎಷ್ಟೋ ಜನ ಆ ಹಾಡು ಕೇಳಿದ್ದೇ ಅವರ ಬಾಯಿಂದ. ನನ್ನ ತಕರಾರು ಕವರಿನ ಮೇಲಿನ ಒಂದು ಶಬ್ದದ ಜೊತೆ. ಸಂಗೀತ: ಇಂಥವರು. ಗಾಯನ: ಇಂಥವರು. ಸಾಹಿತ್ಯ: ಜಾನಪದ. ಈ "ಜಾನಪದ" ಯಾರು ಮಾರಾಯ್ರೆ? ಅವರ ಊರು ಯಾವುದು? ಅವರಿಗೆ ಬ್ಯಾಂಕ್ ಖಾತೆ ಉಂಟಾ? ಎಲ್ಲರದು ಅಂದರೆ ಯಾರದೂ ಅಲ್ಲ ಅಂತ ಅರ್ಥ, ಯಾರದೂ ಅಲ್ಲ ಅಂದರೆ ಮೊದಲು ಸ್ಟುಡಿಯೋಕ್ಕೆ ಹೋದವನದು ಅಂತ ಅರ್ಥ. ಗೋಮಾಳದ ಕಥೆಯೂ ಹೀಗೇ ಆದದ್ದು.

ಹೀಗಲ್ಲದೆ ಬೇರೆ ದಾರಿ ಇರಲಿಲ್ಲವಾ? ಇತ್ತು, ನಮ್ಮ ತುಳುನಾಡಿನಲ್ಲೇ ಇತ್ತು. ಫಿನ್ಲೆಂಡಿನ ವಿದ್ವಾಂಸ ಲೌರಿ ಹೋಂಕೋ ಅವರು ವಿವೇಕ ರೈ, ಚಿನ್ನಪ್ಪ ಗೌಡರ ಜೊತೆ ಸೇರಿ ಬೆಳ್ತಂಗಡಿ ಕಡೆಯ ಗೋಪಾಲ ನಾಯ್ಕರ ಬಾಯಿಂದ ಸಿರಿ ಪಾಡ್ದನ ದಾಖಲಿಸಿದರು. ಹದಿನೈದು ಸಾವಿರಕ್ಕೂ ಹೆಚ್ಚು ಸಾಲು. 1998ರಲ್ಲಿ ಪುಸ್ತಕ ಬಂದಾಗ ಶೀರ್ಷಿಕೆಯಲ್ಲೇ ಇದು ಗೋಪಾಲ ನಾಯ್ಕರು ಹಾಡಿದ ಸಿರಿ ಕಾವ್ಯ ಅಂತ ಇದೆ. ಸಿರಿ ಎಲ್ಲರ ಕಥೆ, ಸರಿ. ಆದರೆ ಆ ಹಾಡು ಒಬ್ಬ ಮನುಷ್ಯನ ನೆನಪು, ಒಬ್ಬ ಮನುಷ್ಯನ ಗಂಟಲು. ಹೆಸರು ಹಾಕಿದ್ದರಿಂದ ಪರಂಪರೆಗೆ ಏನೂ ನಷ್ಟ ಆಗಲಿಲ್ಲ.

*ಕಾಂತಾರ: ಎರಡು ಹಾಡು, ಎರಡು ದಾರಿ*

2022ರ "ಕಾಂತಾರ" ನಮ್ಮ ಕುಂದಾಪುರ ಸೀಮೆಯ ಸಿನಿಮಾ, ಅಜನೀಶ್ ಲೋಕನಾಥ್ ಸಂಗೀತ. ಅದರ ಎರಡು ಹಾಡನ್ನು ಪಕ್ಕಪಕ್ಕ ಇಟ್ಟು ನೋಡಿ.

ಒಂದು "ವರಾಹ ರೂಪಂ". ಇದು ನಮ್ಮ "ನವರಸಂ" ಹಾಡಿನ ಹಾಗೇ ಇದೆ ಅಂತ ಕೇರಳದ ತೈಕ್ಕುಡಂ ಬ್ರಿಡ್ಜ್ ತಂಡ ತಕರಾರು ಎತ್ತಿತು. ಕೋಝಿಕೋಡ್ ಕೋರ್ಟು ತಡೆ ಕೊಟ್ಟಿತು, ಸಿನಿಮಾ ಒಟಿಟಿಗೆ ಬಂದಾಗ ಅದೇ ಸಾಹಿತ್ಯಕ್ಕೆ ಬೇರೆ ಧಾಟಿ ಹಾಕಿದ್ದರು, ಆಮೇಲೆ ಹಳೆಯದು ಮರಳಿ ಬಂತು. ಯಾರದು ಸರಿ ಅನ್ನುವುದು ಇಲ್ಲಿ ನನ್ನ ಪ್ರಶ್ನೆ ಅಲ್ಲ. ಆ ತಂಡಕ್ಕೆ ಹೆಸರಿತ್ತು, ದಾಖಲೆ ಇತ್ತು, ವಕೀಲರಿದ್ದರು. ಹಾಗಾಗಿ ಅಷ್ಟು ದೊಡ್ಡ ಗೆದ್ದ ಸಿನಿಮಾದ ಹಾಡನ್ನೂ ಕೆಲವು ವಾರ ನಿಲ್ಲಿಸಲು ಆಯಿತು.

ಇನ್ನೊಂದು "ಸಿಂಗಾರ ಸಿರಿಯೇ". ವಿಜಯ್ ಪ್ರಕಾಶ್, ಅನನ್ಯಾ ಭಟ್ ಹೆಸರಿನ ಜೊತೆಗೆ ಅದರಲ್ಲಿ ನಾಗರಾಜ ಪಾಣಾರ ವಾಲ್ತೂರು ಅಂತ ಒಂದು ಹೆಸರು ಇದೆ. ಪಾಣಾರ ಅಂದರೆ ಯಾರು ಅಂತ ಕರಾವಳಿಯವರಿಗೆ ಹೇಳಬೇಕಾಗಿಲ್ಲ, ಘಟ್ಟದ ಮೇಲಿನವರಿಗೆ ಹೇಳುತ್ತೇನೆ. ಪಾಣಾರ, ನಲಿಕೆ, ಪಂಬದ, ಪರವ. ಇವರು ದೈವ ಕಟ್ಟುವ ಸಮುದಾಯಗಳು, ಪರಿಶಿಷ್ಟ ಜಾತಿಯವರು. ಗಂಡಸರು ಗಗ್ಗರ ಕಟ್ಟುತ್ತಾರೆ, ಹೆಂಗಸರು ತೆಂಬರೆ ಹಿಡಿದು ಪಾಡ್ದನ ಹೇಳುತ್ತಾರೆ. ನೇಮದ ರಾತ್ರಿ ಅದೇ ಮನುಷ್ಯನ ಎದುರು ಗುತ್ತಿನ ಯಜಮಾನ ಕೈಮುಗಿದು ನಿಲ್ಲುತ್ತಾನೆ. ಅಣಿ ಬಿಚ್ಚಿದ ಮೇಲೆ ಊಟಕ್ಕೆ ಎಲೆ ಎಲ್ಲಿ ಹಾಕುತ್ತಿದ್ದರು ಅಂತ ನಮ್ಮ ಹಿರಿಯರನ್ನು ಕೇಳಿ. ಆ ಸಮುದಾಯದ ಹೆಸರು ಒಂದು ಸಿನಿಮಾ ಹಾಡಿನ ಗಾಯಕರ ಪಟ್ಟಿಯಲ್ಲಿ, ದೊಡ್ಡ ಗಾಯಕರ ಸಾಲಿನಲ್ಲೇ ಅಚ್ಚಾಯಿತು. ಇದು ಸಣ್ಣ ಸಂಗತಿ ಅಲ್ಲ. ಮಾಡಿದವರನ್ನು ಮೆಚ್ಚಲೇಬೇಕು. ಒಂದು ಕಡೆ ಆಗುತ್ತೆ ಅಂದ ಮೇಲೆ ಎಲ್ಲ ಕಡೆ ಆಗಬೇಕು ಅನ್ನುವುದು ನನ್ನ ವಾದ.

ಆ ಸಿನಿಮಾ ಗೆದ್ದ ಮೇಲೆಯೇ, 2022ರ ಅಕ್ಟೋಬರ್‌ನಲ್ಲಿ, 60 ದಾಟಿದ ದೈವನರ್ತಕರಿಗೆ ತಿಂಗಳಿಗೆ 2,000 ರೂಪಾಯಿ ಅಂತ ಸರ್ಕಾರ ಘೋಷಣೆ ಮಾಡಿತು. ಗಂಡಸರು ಲೆಕ್ಕಕ್ಕೆ ಬಂದರು. ತೆಂಬರೆ ಹಿಡಿದು ಪಾಡ್ದನ ಹೇಳುವ ಹೆಂಗಸು ನರ್ತಕಿ ಅಲ್ಲವಲ್ಲ, ಅವಳನ್ನು ಯಾವ ಕಾಲಂನಲ್ಲಿ ಬರೆಯುವುದು?

ಡೋಲಿನ ವಿಷಯ ಇನ್ನೂ ಕಷ್ಟದ್ದು. ಕೊರಗ ಬಂಧುಗಳ ಡೋಲಿನ ಸದ್ದು ಈಗ ಕರಾವಳಿ ಅಂತ ತೋರಿಸಬೇಕಾದಾಗೆಲ್ಲ ಬೇಕಾಗುತ್ತೆ. ಇದೇ ಡೋಲನ್ನು ಅವರಿಂದ ಬಿಟ್ಟಿ ಬಾರಿಸಿಕೊಂಡು, ಕಂಬಳದ ಗದ್ದೆಯಲ್ಲಿ ಕೋಣದ ಮುಂಚೆ ಅವರನ್ನೇ ಓಡಿಸಿ, ಅನ್ನಕ್ಕೆ ಕೂದಲು ಉಗುರು ಬೆರೆಸಿ ತಿನ್ನಿಸಿದ್ದಕ್ಕೇ 2000ರಲ್ಲಿ ಅಜಲು ನಿಷೇಧ ಕಾಯ್ದೆ ಬಂದದ್ದು. ಹಾಗಾಗಿ "ನಮ್ಮ ಸಂಸ್ಕೃತಿ, ಬಾರಿಸಿ" ಅಂತ ಹೇಳುವ ಮೊದಲು ಸಂಭಾವನೆ ಎಷ್ಟು, ಹೆಸರು ಎಲ್ಲಿ ಅಂತ ಹೇಳಿ. ಎರಡೂ ಇದ್ದರೆ ಅದು ಕಲೆ. ಎರಡೂ ಇಲ್ಲದಿದ್ದರೆ ಅದು ಅಜಲು, ಕ್ಯಾಮೆರಾ ಎದುರು ನಡೆದರೂ ಅಜಲೇ.

*ಇನ್ನೊಂದು ಕಾಗದ*

ಕೆಲವು ವರ್ಷಗಳ ಹಿಂದೆ ನಮ್ಮ ಕಡೆಯ ಒಬ್ಬ ಅಜ್ಜಿಯನ್ನು ಒಂದು ಚಿತ್ರತಂಡದವರು ಕಾರಿನಲ್ಲಿ ಕರೆದುಕೊಂಡು ಹೋದರು. ನೇಜಿ ನೆಡುವಾಗ ಹೇಳುವ ಪಾಡ್ದನ ಒಂದು ಗಂಟೆ ಹಾಡಿಸಿಕೊಂಡರು. ಒಂದು ಸೀರೆ, ಸ್ವಲ್ಪ ಹಣ ಕೊಟ್ಟರು. ಅಜ್ಜಿಗೆ ಖುಷಿಯೇ. ಸಿನಿಮಾ ಬಂದಾಗ ಹಾಡಿನ ಮೊದಲಿಗೆ ಅವರ ಸ್ವರ ಇತ್ತು, ಕೊನೆಗೆ ಓಡುವ ಹೆಸರುಗಳಲ್ಲಿ ಅವರ ಹೆಸರಿರಲಿಲ್ಲ. ಕೇಳಿದ್ದಕ್ಕೆ "ಅದು ಜಾನಪದ ಅಲ್ವಾ ಸಾರ್, ರೈಟ್ಸ್ ಬರಲ್ಲ" ಅಂದರು.

ಆಗ ಕೂತು ಕೃತಿಸ್ವಾಮ್ಯ ಕಾಯ್ದೆ ಓದಿದೆ. ನೀವೂ ತಿಳಿದುಕೊಳ್ಳಿ, ಉಪಯೋಗಕ್ಕೆ ಬರುತ್ತೆ.

ಕಾಯ್ದೆ 1957ರದ್ದು. ಬಹಳ ಕಾಲ ಸಿನಿಮಾ ಹಾಡಿನ ಹಕ್ಕೆಲ್ಲ ನಿರ್ಮಾಪಕನ ಕೈಯಲ್ಲೇ ಇತ್ತು, 1977ರಲ್ಲಿ ಸುಪ್ರೀಂ ಕೋರ್ಟೂ ಅದನ್ನೇ ಎತ್ತಿಹಿಡಿಯಿತು. 2012ರ ತಿದ್ದುಪಡಿಯಲ್ಲಿ ಸಾಹಿತಿಗೆ, ಸಂಗೀತ ಸಂಯೋಜಕರಿಗೆ ರಾಯಧನದ ಪಾಲು ಬರೆದುಕೊಡಲಾಗದ ಹಕ್ಕಾಯಿತು. ಹಳೆ ಜನಪದ ಹಾಡಿನ ಸಾಹಿತ್ಯಕ್ಕೆ ಒಬ್ಬ ಒಡೆಯನಿಲ್ಲ, ಅದು ನಿಜ. ಆದರೆ ಹಾಡಿದವರಿಗೆ ಬೇರೆಯೇ ಹಕ್ಕಿದೆ, ಪ್ರದರ್ಶಕರ ಹಕ್ಕು ಅಂತ. ಕಲಂ 38. ಹಾಡು ಹಳೆಯದಾಗಿರಲಿ ಹೊಸದಾಗಿರಲಿ, ನೀವು ಹಾಡಿದ್ದು ನಿಮ್ಮ ಪ್ರದರ್ಶನ, 50 ವರ್ಷ ಆ ಹಕ್ಕು ಇರುತ್ತೆ. ಕಲಂ 38ಬಿ ಪ್ರಕಾರ ಇದನ್ನು ಹಾಡಿದ್ದು ನಾನು ಅಂತ ಗುರುತಿಸಿಕೊಳ್ಳುವ ಹಕ್ಕೂ ಇದೆ.

ಆದರೆ ಒಂದು ಗೂಟ ಇಟ್ಟಿದ್ದಾರೆ. ಪ್ರದರ್ಶಕ ಯಾರು ಅಂತ ಹೇಳುವ ಕಡೆ ಒಂದು ಷರತ್ತು ಇದೆ. ಸಿನಿಮಾದಲ್ಲಿ ಸಣ್ಣಪುಟ್ಟದಾಗಿ, ಪ್ರಾಸಂಗಿಕವಾಗಿ ಬಂದುಹೋಗುವವನು, ಉದ್ಯಮದ ರೂಢಿಯಂತೆ ಹೆಸರುಗಳ ಪಟ್ಟಿಯಲ್ಲಿ ಎಲ್ಲೂ ಕಾಣದವನು, ಹೆಚ್ಚುಕಡಿಮೆ ಯಾವ ಹಕ್ಕಿಗೂ ಪ್ರದರ್ಶಕ ಅಂತ ಲೆಕ್ಕಕ್ಕೆ ಬರುವುದಿಲ್ಲ. ಅಂದರೆ ಹೆಸರು ಬಿಟ್ಟರೆ ಬರೀ ಮರ್ಯಾದೆ ಹೋಗುವುದಲ್ಲ, ನಾಳೆ "ಇವರು ಪ್ರಾಸಂಗಿಕ, ಪಟ್ಟಿಯಲ್ಲೂ ಇಲ್ಲ" ಅಂತ ವಾದ ಮಾಡುವುದಕ್ಕೆ ದಾರಿ ಆಗುತ್ತೆ. ಚೋಮನಿಗೆ ಫಾರಂ ನಂಬರ್ 7 ಹೇಗೋ ನಮ್ಮ ಅಜ್ಜಿಗೆ ಆ ಕೊನೆಯಲ್ಲಿ ಓಡುವ ಪಟ್ಟಿ ಹಾಗೆ. ಅದರಲ್ಲಿ ಇದ್ದರೆ ಒಡೆತನ, ಇಲ್ಲದಿದ್ದರೆ ಕೂಲಿ.

ತಮಿಳಿನವರು ಈ ಜಗಳವನ್ನು ಬೀದಿಗೆ ತಂದರು. 2021ರ "ಎಂಜಾಯ್ ಎಂಜಾಮಿ" ಬರೆದು ಹಾಡಿದ ಅರಿವು ಅವರ ಮುಖ ಒಂದು ದೊಡ್ಡ ಸಂಗೀತ ಪತ್ರಿಕೆಯ ಮುಖಪುಟದಲ್ಲಿ ಇಲ್ಲದೆ ಹೋದಾಗ ಪಾ. ರಂಜಿತ್ ಬಹಿರಂಗವಾಗಿ ಕೇಳಿದರು, ದೇಶ ಪೂರಾ ಸುದ್ದಿ ಆಯಿತು. ಕೇಳಿದ್ದರಿಂದ ಸುದ್ದಿ ಆಯಿತು. ನಾವು ಕೇಳುವುದಿಲ್ಲ, ನಾಚಿಕೆ ಪಡುತ್ತೇವೆ.

*ಮಾಡಬೇಕಾದ್ದು*

1. ನಿಮ್ಮ ಮನೆಯ, ಕೇರಿಯ ಹಿರಿಯರನ್ನು ಯಾರಾದರೂ ಹಾಡಿಸಲು, ಬಾರಿಸಲು ಕರೆದರೆ ಮೊದಲು ಒಂದು ಹಾಳೆಯಲ್ಲಿ ಬರೆಸಿಕೊಳ್ಳಿ: ಏನು ಹಾಡಿದರು, ಯಾವುದಕ್ಕೆ ಬಳಸುತ್ತಾರೆ, ಎಷ್ಟು ಹಣ, ಹೆಸರು ಎಲ್ಲಿ ಬರುತ್ತೆ. ಎರಡೂ ಕಡೆಯವರ ಸಹಿ, ತಾರೀಕು. ಬರೆಯಲು ಬಾರದಿದ್ದರೆ ನಮ್ಮನ್ನು ಕರೆಯಿರಿ, ಬರೆದುಕೊಡುವುದು ನಮ್ಮ ಕೆಲಸ.

2. ಹಾಡುವ ಮೊದಲು ನಿಮ್ಮ ಮೊಬೈಲಿನಲ್ಲೂ ರೆಕಾರ್ಡ್ ಮಾಡಿಕೊಳ್ಳಿ. ಮೊದಲಿಗೆ ಹೆಸರು, ಊರು, ತಾರೀಕು ಹೇಳಿಸಿ.

3. ಏಪ್ರಿಲ್ 14ರ ನಮ್ಮ ಕಾರ್ಯಕ್ರಮಗಳಲ್ಲಿ ಹಾಡು ಹಾಕುವಾಗ ಬರೆದವರ, ಹಾಡಿದವರ, ತಮಟೆ ಬಾರಿಸಿದವರ ಹೆಸರನ್ನು ಮೈಕಿನಲ್ಲಿ ಹೇಳಿ. ಬೇರೆಯವರಿಗೆ ಬುದ್ಧಿ ಹೇಳುವ ಮೊದಲು ನಮ್ಮ ವೇದಿಕೆಯಲ್ಲಿ ಇದು ಆಗಲಿ.

4. ಮಾಶಾಸನದಲ್ಲಿ ಪಾಡ್ದನ ಹೇಳುವ ಹೆಂಗಸರನ್ನು ಸೇರಿಸಿ ಅಂತ ಮನವಿ ತಯಾರು ಮಾಡುತ್ತಿದ್ದೇವೆ. ಸಹಿ ಹಾಕುವವರು ಇನ್‌ಬಾಕ್ಸಿಗೆ ಬನ್ನಿ.

2016ರ "ಸೈರಾಟ್" ಹಾಡಿಗೆ ಕುಣಿಯದ ಮೆರವಣಿಗೆ ಇಲ್ಲ. ಮರುವರ್ಷ ಅದು ಕನ್ನಡದಲ್ಲಿ "ಮನಸು ಮಲ್ಲಿಗೆ" ಆಗಿಯೂ ಬಂತು. ಜಾತಿ ಮೀರಿ ಪ್ರೀತಿಸಿದ ಇಬ್ಬರನ್ನು ಕೊಂದ ಕಥೆಯ ಹಾಡಿಗೆ, ಮನೆಯಲ್ಲಿ ಅಂಥ ಮದುವೆ ಆದರೆ ಕತ್ತಿ ಹಿಡಿಯುವವರೂ ಕುಣಿದರು. ಹಾಡು ಯಾರ ಮನೆಯ ಒಳಗೂ ಹೋಗುತ್ತೆ, ಅದಕ್ಕೆ ಮಡಿ ಮೈಲಿಗೆ ಇಲ್ಲ. ಹಾಡಿನ ಹಿಂದೆ ಹಾಡಿದವರ ಹೆಸರೂ ಒಳಗೆ ಹೋಗಲಿ. ಮನುಷ್ಯರೂ ಹೋಗುವ ದಿನಕ್ಕೆ ನಾವು ದುಡಿಯುತ್ತಿದ್ದೇವೆ.

ನಿಮ್ಮ ಊರಿನಲ್ಲಿ ಸಿನಿಮಾಕ್ಕೆ ಹಾಡಿ, ಬಾರಿಸಿ ಹೆಸರಿಲ್ಲದೆ ಉಳಿದವರು ಇದ್ದರೆ, ಅವರ ಒಪ್ಪಿಗೆ ಕೇಳಿ ನನಗೆ ತಿಳಿಸಿ. ಒಂದು ಪಟ್ಟಿ ಮಾಡುವ. ಪಟ್ಟಿ ಮಾಡುವುದು ಗುಮಾಸ್ತನಿಗೆ ಬರುವ ಕೆಲಸ.

ಜೈ ಭೀಮ್.